ಕಾಳಿಂಗಕ್ಕೆ ಸ್ವಂತ ಹೆಸರು ಸಿಗಲು 188 ವರ್ಷ

ಹೊಸ ಪ್ರಭೇದ ಪತ್ತೆಯಾಯಿತು ಎಂದೊಡನೆ ಅದುವರೆಗೆ ಯಾರೂ ಕಂಡಿರದ ಹಾವೆಂದು ಭಾವಿಸುತ್ತೇವೆ. ಹಾಗೆ ಆಗಲೇಬೇಕೆಂದಿಲ್ಲ. ಮಲೆನಾಡಿನವರು ತಲೆಮಾರುಗಳಿಂದ ಕಂಡು, ಕೈಮುಗಿದು, ದಾರಿಬಿಟ್ಟ ಕಾಳಿಂಗ ಸರ್ಪವನ್ನು ವಿಜ್ಞಾನ ಬೇರೆಯೇ ಪ್ರಭೇದವೆಂದು ಒಪ್ಪಿದ್ದು 2024ರಲ್ಲಿ.

ನಾಗರಹಾವಿಗೆ ಲಿನೇಯಸ್ 1758ರಲ್ಲೇ ವೈಜ್ಞಾನಿಕ ಹೆಸರಿಟ್ಟಿದ್ದ. ನಮ್ಮ ನೆಲದಲ್ಲಿ ನಿಂತು ಹಾವುಗಳನ್ನು ಅಭ್ಯಸಿಸಿದವರಲ್ಲಿ ಮೊದಲಿಗನಾಗಿ ನೆನೆಯಬೇಕಾದವನು ಈಸ್ಟ್ ಇಂಡಿಯಾ ಕಂಪನಿಯ ಪ್ಯಾಟ್ರಿಕ್ ರಸೆಲ್. ಯಾವುದು ವಿಷದ ಹಾವು, ಯಾವುದು ಅಲ್ಲ ಎಂಬುದು ಅವನ ಮುಖ್ಯ ಪ್ರಶ್ನೆ. ಕೋರಮಂಡಲ ತೀರದ ಹಾವುಗಳ ಕುರಿತ ಅವನ ಗ್ರಂಥ 1796ರಲ್ಲಿ ಬಂತು. ಕೊಳಕುಮಂಡಲದ ವೈಜ್ಞಾನಿಕ ಹೆಸರಿನಲ್ಲಿ ಅವನು ಇಂದಿಗೂ ಉಳಿದಿದ್ದಾನೆ. ಮುಂದೆ ಗುಂಥರ್ (1864), ಬೂಲೆಂಜರ್ (1890), ಮಾಲ್ಕಂ ಸ್ಮಿತ್ (1943) ದೊಡ್ಡ ಸಂಪುಟಗಳನ್ನು ಕೊಟ್ಟರು. ಸಂಗ್ರಹಾಲಯದ ಜಾಡಿಯಲ್ಲಿಟ್ಟ ಹಾವಿನ ಹೊಟ್ಟೆಯ ಹುರುಪೆ, ಬಾಲದ ಹುರುಪೆ, ನಡುಮೈಯ ಸಾಲುಗಳನ್ನು ಎಣಿಸಿ ಹೋಲಿಸುವುದು ಆ ಕಾಲದ ಕ್ರಮ. ಅದು ಇಂದಿಗೂ ಬಿಟ್ಟುಹೋಗಿಲ್ಲ. ಆದರೆ ನೋಡಲು ಒಂದೇ ಥರವಿದ್ದು ಒಳಗೆ ದೂರವಾದ ಹಾವುಗಳು ಎಣಿಕೆಗೆ ಸಿಕ್ಕುತ್ತಿರಲಿಲ್ಲ.

ಡಿಎನ್‌ಎ ಹೋಲಿಕೆ ಬಂದ ಮೇಲೆ ಲೆಕ್ಕ ಬದಲಾಯಿತು. ಭಾರತದ ಕೊಳಕುಮಂಡಲವೂ ಆಗ್ನೇಯ ಏಷ್ಯಾದ್ದೂ ಬೇರೆ ಬೇರೆ ಎಂದು 2007ರಲ್ಲಿ ತೀರ್ಮಾನವಾಯಿತು. ಅರುಣಾಚಲದಿಂದ 2019 ಮತ್ತು 2020ರಲ್ಲಿ ಎರಡು ಹೊಸ ಗುಳಿಮಂಡಲಗಳು ಬಂದವು. ಮೊದಲನೆಯದನ್ನು ವರ್ಣಿಸಿದ್ದು ಸಿಕ್ಕಿದ್ದ ಒಂದೇ ಒಂದು ಗಂಡು ಹಾವಿನಿಂದ. ಪಶ್ಚಿಮ ಘಟ್ಟದ ಗುಳಿಮಂಡಲಗಳಲ್ಲಿ ಹಳೆಯ ಪುಸ್ತಕಗಳು ಮೂಲೆಗೆ ತಳ್ಳಿದ್ದ ಕೆಲವು ಹೆಸರುಗಳಿಗೆ 2021ರಲ್ಲಿ ಮರುಜೀವ ಬಂತು.

ಕಾಳಿಂಗದ ಕಥೆಯಲ್ಲಿ ಈ ಎಲ್ಲ ಎಳೆಗಳೂ ಸೇರುತ್ತವೆ. ಬಂಗಾಳದ ಮಾದರಿಗಳನ್ನು ನೋಡಿ ಥಿಯೋಡರ್ ಕ್ಯಾಂಟರ್ 1836ರಲ್ಲಿ ಅದನ್ನು ವರ್ಣಿಸಿದ. ಭಾರತದಿಂದ ಫಿಲಿಪೀನ್ಸ್‌ವರೆಗಿನ ಕಾಳಿಂಗಗಳೆಲ್ಲ ಆ ಒಂದೇ ಹೆಸರಿನಡಿ ಉಳಿದವು. ಉರಗತಜ್ಞ ಪಿ. ಗೌರಿಶಂಕರ್ ಮತ್ತು ಸಂಗಡಿಗರ 2021ರ ವಂಶವಾಹಿ ಅಧ್ಯಯನ ನಾಲ್ಕು ಕವಲುಗಳನ್ನು ತೋರಿಸಿತು. ಅಷ್ಟರಿಂದಲೇ ಹೊಸ ಹೆಸರಿಡಲಾಗದು. ಕಣ್ಣಿಗೆ ಕಾಣುವ ಲಕ್ಷಣ ಬೇಕು, ಆಧಾರ ಮಾದರಿಯೊಂದನ್ನು ಗೊತ್ತುಮಾಡಬೇಕು, ವರ್ಣನೆ ನಿಯಮದಂತೆ ಪ್ರಕಟವಾಗಬೇಕು. ತಂಡ ಸಂಗ್ರಹಾಲಯದ ಮಾದರಿಗಳಿಗೆ ಮರಳಿತು. ಉತ್ತರದ ಕಾಳಿಂಗದ ಮೈಮೇಲೆ 50ರಿಂದ 70 ಪಟ್ಟೆಗಳಿದ್ದರೆ, ಪಶ್ಚಿಮ ಘಟ್ಟದ್ದರಲ್ಲಿ 40ಕ್ಕಿಂತ ಕಡಿಮೆ. 2024ರಲ್ಲಿ ಅದಕ್ಕೆ 'ಒಫಿಯೋಫಾಗಸ್ ಕಾಳಿಂಗ' ಎಂಬ ಹೆಸರಾಯಿತು. ಫಿಲಿಪೀನ್ಸ್‌ನ ಲುಜಾನ್ ದ್ವೀಪದ್ದೂ ಹೊಸದೇ. ಮಲೇಷ್ಯಾ, ಇಂಡೊನೇಷ್ಯಾ ಕಡೆಯದಕ್ಕೆ 1837ರ ಹಳೆಯ ಹೆಸರೊಂದು ಮತ್ತೆ ಬಂತು.

ಇದು ಬರೀ ಪಟ್ಟಿ ತಿದ್ದುವ ಕೆಲಸವಲ್ಲ. ನಮ್ಮಲ್ಲಿ ತಯಾರಾಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಷ್ಟೇ. ಕಾಳಿಂಗದ ಕಡಿತಕ್ಕೆ ಥಾಯ್ಲೆಂಡಿನ ಔಷಧವನ್ನು ನೆಚ್ಚಬೇಕು. ಅದು ತಯಾರಾಗುವುದು ಅಲ್ಲಿಯ ಹಾವುಗಳ ವಿಷದಿಂದ. ಸ್ವತಃ ಗೌರಿಶಂಕರ್ ಅವರನ್ನು 2005ರಲ್ಲಿ ಕಾಳಿಂಗ ಕಚ್ಚಿದಾಗ ಆ ಔಷಧ ಸರಿಯಾಗಿ ಕೆಲಸ ಮಾಡಲಿಲ್ಲ. ಹೆಸರಿಡುವ ಕೆಲಸ ಮುಗಿದಿದೆ. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ತಕ್ಕ ಪ್ರತಿವಿಷ ಆಗಬೇಕಾದ ಮುಂದಿನ ಕೆಲಸ.