ಸ್ಟೈಲ್ ಹಾಕಿದ ಕೂಡಲೇ ಇಟಾಲಿಕ್ ಮಾಯವಾಗುವುದೇಕೆ?

ಗಿಡಮರಗಳ ಬಗ್ಗೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಒಂದು ಲೇಖನ ಟೈಪ್ ಮಾಡಿದ್ದೀರಿ ಎಂದುಕೊಳ್ಳಿ. ವೈಜ್ಞಾನಿಕ ಹೆಸರುಗಳನ್ನೆಲ್ಲ ರೂಢಿಯಂತೆ ಇಟಾಲಿಕ್ ಮಾಡಿದ್ದೀರಿ, ಅಂದರೆ ಓರೆ ಅಕ್ಷರದಲ್ಲಿ ಬರೆದಿದ್ದೀರಿ. ಕೊನೆಗೆ ಇಡೀ ಕಡತವನ್ನು ಆಯ್ದು ಒಂದು ಪ್ಯಾರಾಗ್ರಾಫ್ ಸ್ಟೈಲ್ ಹಾಕುತ್ತೀರಿ. ವಾಕ್ಯಗಳ ನಡುವೆ ಬಂದ ಹೆಸರುಗಳು ಓರೆಯಾಗಿಯೇ ಉಳಿಯುತ್ತವೆ. ಕೊನೆಯ ಪಟ್ಟಿಯಲ್ಲಿ ಸಾಲಿಗೊಂದರಂತೆ ಬರೆದ ಅವೇ ಹೆಸರುಗಳು ಮಾತ್ರ ನೆಟ್ಟಗಾಗಿಬಿಡುತ್ತವೆ!

ವರ್ಡ್ ತನಗೆ ತೋಚಿದಂತೆ ಮಾಡುತ್ತದೆ ಎಂದು ಬೈಯುವವರಿದ್ದಾರೆ, ವೈರಸ್ ಇರಬೇಕು ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ಇದರ ಹಿಂದಿರುವುದು ಒಂದು ಸರಳ ಲೆಕ್ಕ.

ಅಕ್ಷರಗಳನ್ನು ಆಯ್ದು ಬೋಲ್ಡ್, ಇಟಾಲಿಕ್ ಅಥವಾ ಬೇರೆ ಫಾಂಟ್ ಕೊಟ್ಟರೆ ಅದು ನಾವು ಕೈಯಾರೆ ಮಾಡಿದ ಅಲಂಕಾರ. ಸ್ಟೈಲ್ ಎನ್ನುವುದು ಇಡೀ ಪ್ಯಾರಾಕ್ಕೆ ಅನ್ವಯಿಸುವ ಸಿದ್ಧ ಉಡುಪು. ಉಡುಪು ಬದಲಿಸುವಾಗ ಹಳೆಯ ಅಲಂಕಾರವನ್ನು ಉಳಿಸಬೇಕೇ, ತೆಗೆಯಬೇಕೇ? ವರ್ಡ್ ಇದನ್ನು ಅರ್ಧದ ಲೆಕ್ಕದಲ್ಲಿ ತೀರ್ಮಾನಿಸುತ್ತದೆ. ಅಲಂಕಾರ ಪ್ಯಾರಾದ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿದ್ದರೆ ಅದು ಬೇಕೆಂದೇ ಕೊಟ್ಟ ಒತ್ತು ಎಂದು ಉಳಿಸಿಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚಿದ್ದರೆ ಹಳೆಯ ಉಡುಪಿನ ಭಾಗ ಎಂದು ಕಿತ್ತು ಹಾಕುತ್ತದೆ. ಎಂಟರ್ ಒತ್ತಿ ಮುಗಿಸಿದ ಪ್ರತಿಯೊಂದು ಸಾಲೂ ವರ್ಡ್‌ನ ಪಾಲಿಗೆ ಒಂದು ಪ್ಯಾರಾ. ಹಾಗಾಗಿ ಉದ್ದನೆಯ ಪ್ಯಾರಾದಲ್ಲಿರುವ 'ಮ್ಯಾಂಜಿಫೆರಾ ಇಂಡಿಕಾ' ಬಚಾವಾಗುತ್ತದೆ, ಒಂಟಿ ಸಾಲಿನಲ್ಲಿರುವುದು ಆಗುವುದಿಲ್ಲ. ಶೀರ್ಷಿಕೆ, ಚಿತ್ರದ ಅಡಿಬರಹ, ಕೋಷ್ಟಕದ ಮನೆಗಳಲ್ಲಿ ಈ ತೊಂದರೆ ಹೆಚ್ಚು ಕಾಣುವುದೂ ಇದಕ್ಕೇ. ಲೆಕ್ಕವೇನೋ ಜಾಣತನದ್ದೇ, ಆದರೆ ಹೀಗೆ ಮಾಡುತ್ತಿದ್ದೇನೆ ಎಂದು ವರ್ಡ್ ಒಂದು ಮಾತೂ ಹೇಳುವುದಿಲ್ಲ.

ಕನ್ನಡದ ಹಳೆಯ ಕಡತಗಳಲ್ಲಿ ಇದು ಇಟಾಲಿಕ್‌ಗೇ ನಿಲ್ಲುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನೊಳಗೆ ಕನ್ನಡವಾಗಿ ಇರುವುದಿಲ್ಲ, ಲ್ಯಾಟಿನ್ ಅಕ್ಷರಗಳ ಸಂಕೇತಗಳಾಗಿ ಇರುತ್ತದೆ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಆ ಫಾಂಟನ್ನು ಕೈಯಾರೆ ಹಾಕಿದ್ದರೆ ಅದೂ ಒಂದು ಅಲಂಕಾರವೇ! ಶೀರ್ಷಿಕೆಯ ಸ್ಟೈಲ್ ಒತ್ತಿದೊಡನೆ ಫಾಂಟ್ ಹಾರಿಹೋಗಿ, ಅಧ್ಯಾಯದ ಹೆಸರಿದ್ದ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ಗಾಬರಿ ಬೇಡ, ಪಠ್ಯ ಕೆಟ್ಟಿಲ್ಲ. ಅದೇ ಫಾಂಟ್ ಮತ್ತೆ ಕೊಟ್ಟರೆ ಕನ್ನಡ ವಾಪಸ್ ಬರುತ್ತದೆ. ಫಾಂಟನ್ನು ಸ್ಟೈಲ್‌ನೊಳಗೇ ಸೇರಿಸಿಬಿಟ್ಟರೆ ಈ ಕಾಟವಿಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಯೂನಿಕೋಡ್ ಕನ್ನಡಕ್ಕೆ ಸ್ಟೈಲ್ ಸಿದ್ಧಪಡಿಸುವಾಗ ಫಾಂಟ್ ಕಿಟಕಿಯಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಭಾಗವನ್ನೂ ತುಂಬಬೇಕು. ಮೇಲಿನ ಲ್ಯಾಟಿನ್ ಭಾಗವನ್ನಷ್ಟೇ ಬದಲಿಸಿದರೆ ಕನ್ನಡ ಅಕ್ಷರಗಳು ಕದಲುವುದಿಲ್ಲ.

ಗೊಂದಲವಾದಾಗ ಹಲವರು ಮಾಡುವ ಕೆಲಸ, ಎಲ್ಲವನ್ನೂ ಆಯ್ದು ಕಂಟ್ರೋಲ್ ಮತ್ತು ಸ್ಪೇಸ್‌ಬಾರ್ ಒಟ್ಟಿಗೆ ಒತ್ತುವುದು. ಇದು ಕೈಯಾರೆ ಮಾಡಿದ ಅಲಂಕಾರವನ್ನೆಲ್ಲ ಗುಡಿಸಿ ಹಾಕುತ್ತದೆ. ಮೇಲ್ಬರಹ, ಕೆಳಬರಹಗಳೂ ಅದರ ಜೊತೆಗೇ ಹೋಗುತ್ತವೆ. ಆಗ 10⁶ ಇದ್ದದ್ದು 106 ಆಗುತ್ತದೆ. ಹತ್ತು ಲಕ್ಷ ನೂರಾ ಆರಾದರೂ ಕಾಗುಣಿತ ಪರೀಕ್ಷಕಕ್ಕೆ ಅದು ತಪ್ಪಾಗಿ ಕಾಣುವುದಿಲ್ಲ. ಇಟಾಲಿಕ್ ಹೋದರೆ ಅಂದ ಕೆಡಬಹುದು, ಇಲ್ಲಿ ವಿಷಯವೇ ಸುಳ್ಳಾಗುತ್ತದೆ.

ಹಾಗಾದರೆ ಉಳಿಸಿಕೊಳ್ಳುವುದು ಹೇಗೆ? ನೋಟವನ್ನಷ್ಟೇ ಬದಲಿಸಬೇಕಿದ್ದರೆ ಹೊಸ ಸ್ಟೈಲ್ ಹಾಕಲು ಹೋಗಬೇಡಿ. ಈಗಿರುವ ಸ್ಟೈಲ್ ಮೇಲೆ ಬಲ ಕ್ಲಿಕ್ ಮಾಡಿ, 'ಮಾಡಿಫೈ' ಆಯ್ದು ಅದನ್ನೇ ತಿದ್ದಿ. ಅರ್ಧದ ಲೆಕ್ಕ ಅಲ್ಲಿ ಬರುವುದೇ ಇಲ್ಲ. ಹೊಸದಾಗಿ ಬರೆಯುವಾಗ ಮೊದಲು ಸ್ಟೈಲ್ ಹಾಕಿ, ಇಟಾಲಿಕ್ ಆಮೇಲೆ ಮಾಡಿ.

ಸಿದ್ಧವಾಗಿರುವ ದೊಡ್ಡ ಕಡತಕ್ಕೆ ಗುರುತು ಹಾಕುವ ಉಪಾಯ ನನ್ನ ಮಟ್ಟಿಗೆ ಅತ್ಯಂತ ಭದ್ರವಾದದ್ದು. ಕಡತದ ಒಂದು ಪ್ರತಿ ಇಟ್ಟುಕೊಂಡು, ಕಂಟ್ರೋಲ್ ಮತ್ತು ಎಚ್ ಒತ್ತಿ ರಿಪ್ಲೇಸ್ ಕಿಟಕಿ ತೆರೆಯಿರಿ. ಹುಡುಕುವ ಜಾಗದಲ್ಲಿ ಏನನ್ನೂ ಬರೆಯದೆ ಕಂಟ್ರೋಲ್ ಮತ್ತು ಐ ಒತ್ತಿದರೆ ಇಟಾಲಿಕ್ ಎಂಬ ಸೂಚನೆ ಕೆಳಗೆ ಮೂಡುತ್ತದೆ. ಬದಲಿ ಜಾಗದಲ್ಲಿ ##^&## ಎಂದು ಬರೆದು ಎಲ್ಲವನ್ನೂ ಬದಲಿಸಿ. ಓರೆಯಾಗಿದ್ದ ಪ್ರತಿ ತುಣುಕಿನ ಎರಡೂ ಬದಿ ಗುರುತು ಬೀಳುತ್ತದೆ. ಈಗ ಧೈರ್ಯವಾಗಿ ಸ್ಟೈಲ್ ಹಾಕಿ. ಇಟಾಲಿಕ್ ಹೋದರೂ ಗುರುತು ಹೋಗದು. ನಂತರ 'ನೋ ಫಾರ್ಮ್ಯಾಟಿಂಗ್' ಒತ್ತಿ ಹಳೆಯ ಷರತ್ತು ಅಳಿಸಿ, 'ವೈಲ್ಡ್‌ಕಾರ್ಡ್ಸ್' ಆಯ್ಕೆ ಮಾಡಿ, ##(*)## ಹುಡುಕಿ, ಬದಲಿಯಾಗಿ \1 ಬರೆದು ಆ ಜಾಗಕ್ಕೆ ಇಟಾಲಿಕ್ ಕೊಡಿ. ಸಾಲಿನ ಕೊನೆಯ ಎಂಟರ್ ಕೂಡ ಇಟಾಲಿಕ್ ಆಗಿದ್ದರೆ ಮುಚ್ಚುವ ಗುರುತು ಮುಂದಿನ ಸಾಲಿಗೆ ಜಾರಬಹುದು, ಆದ್ದರಿಂದ ಸ್ಟೈಲ್ ಹಾಕುವ ಮೊದಲು ಒಮ್ಮೆ ಕಣ್ಣಾಡಿಸಿ. ಮೇಲ್ಬರಹಕ್ಕೂ ಇದೇ ದಾರಿ, ಗುರುತು ಮಾತ್ರ ಬೇರೆಯಿರಲಿ.

ಬೇರೆ ತಂತ್ರಾಂಶಗಳು ಇಷ್ಟು ಸತಾಯಿಸುವುದಿಲ್ಲ. ಅಡೋಬಿ ಇನ್‌ಡಿಸೈನ್‌ನಲ್ಲಿ ಸ್ಟೈಲ್ ಹೆಸರಿನ ಮೇಲೆ ಸುಮ್ಮನೆ ಕ್ಲಿಕ್ ಮಾಡಿದರೆ ಕೈಯಾರೆ ಮಾಡಿದ್ದು ಉಳಿಯುತ್ತದೆ. ಆಲ್ಟ್ ಒತ್ತಿ ಕ್ಲಿಕ್ ಮಾಡಿದರೆ ಅದು ಹೋಗುತ್ತದೆ, ಆದರೆ ಕ್ಯಾರೆಕ್ಟರ್ ಸ್ಟೈಲ್ ಮೂಲಕ ಕೊಟ್ಟದ್ದು ಉಳಿಯುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಅಲಂಕಾರ ಅಳಿಸಲು ಕಂಟ್ರೋಲ್ ಮತ್ತು ಎಮ್ ಒತ್ತಬೇಕು.