ಜೆಟ್ಟು, ಸೂಜಿ, ಸೈಲೆನ್ಸರ್: ಹಾವೇರಿ ಸೀಮೆಯ ಗ್ಯಾರೇಜ್ ಕಸುಬಿನ ಪೂರ್ವಕಥನ

ಹೊಸರಿತ್ತಿಯ ಹೆಸರು ನಾಡಿನ ಇತಿಹಾಸದಲ್ಲಿ ಉಳಿದಿರುವುದು ಮುಖ್ಯವಾಗಿ 1943ರ ಏಪ್ರಿಲ್ 1ರ ಕಾರಣಕ್ಕೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅಂದು ಅಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದರು. ಅದೇ ಊರಿನ, ವರದಾ ನದಿಯ ದಂಡೆಯ ರಸ್ತೆಗಳಲ್ಲಿ ಸ್ವಾತಂತ್ರ್ಯಾನಂತರ ಮತ್ತೊಂದು ಇತಿಹಾಸವೂ ನಡೆದಿದೆ. ಎತ್ತಿನ ಬಂಡಿ ಮತ್ತು ಸೈಕಲ್ಲಿನ ಜಾಗಕ್ಕೆ ಮೋಟಾರ್ ಸೈಕಲ್ ಬಂದಿತು, ಅದರ ಬೆನ್ನಿಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಪೇಟೆಗಳಲ್ಲಿ ಗ್ಯಾರೇಜಿನ ಕಸುಬೂ ಬೆಳೆಯಿತು. ಈ ಕಸುಬಿನ ಅತ್ಯಂತ ಸೂಕ್ಷ್ಮ ಭಾಗವೆಂದರೆ ಸೈಲೆನ್ಸರ್ ಬದಲಿಸಿದ ಗಾಡಿಗೆ ಪೆಟ್ರೋಲ್ ಮತ್ತು ಗಾಳಿಯ ಪ್ರಮಾಣವನ್ನು ಮರಳಿ ಹೊಂದಿಸುವ ಕೆಲಸ, ಅಂದರೆ ಟ್ಯೂನಿಂಗ್. ಇದನ್ನು ಪಡ್ಡೆ ಹುಡುಗರ ಸದ್ದಿನ ಚಪಲಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳುವುದು ರೂಢಿಯಾಗಿದೆಯಾದರೂ, ಕರ್ನಾಟಕದ ಮಟ್ಟಿಗೆ ಈ ವಿದ್ಯೆಯ ಬೇರು ರೇಸಿನಲ್ಲಿಲ್ಲ, ಮಸಿ ತೆಗೆಯುವ ನಿತ್ಯದ ದುರಸ್ತಿ ಕೆಲಸದಲ್ಲಿದೆ.

ಆ ಬೇರನ್ನು ಹುಡುಕಲು ಮೈಸೂರಿಗೆ ಹೋಗಬೇಕಾಗುತ್ತದೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿಯವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾಯಿತು. ಅಂದಿನ ರಾಜ್ಯಪಾಲರಾದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ಈ ಗಾಡಿಗಳು, ಅವುಗಳಲ್ಲೂ 1978ರಲ್ಲಿ ಬಂದ ರೋಡ್‌ಕಿಂಗ್, 1996ರಲ್ಲಿ ಕಾರ್ಖಾನೆ ನಿಲ್ಲುವವರೆಗೆ ರಾಜ್ಯದ ಹಳ್ಳಿ ಪೇಟೆಗಳ ರಸ್ತೆಗಳಲ್ಲಿ ಓಡಿದವು. ಇವು ಟೂ ಸ್ಟ್ರೋಕ್ ಯಂತ್ರಗಳು, ಅಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುವಷ್ಟರಲ್ಲಿ ಇಂಧನ ಸೇರುವುದು, ಉರಿಯುವುದು, ಹೊಗೆ ಹೊರಹೋಗುವುದು ಎಲ್ಲವೂ ಮುಗಿಯುವಂಥವು. ಇವುಗಳಲ್ಲಿ ಎಂಜಿನ್ನಿನ ಒಳಭಾಗಗಳಿಗೆ ಬೇಕಾದ ಜಿಡ್ಡನ್ನು ಪೆಟ್ರೋಲಿಗೇ ಬೆರೆಸಿದ ಆಯಿಲ್ ಒದಗಿಸುತ್ತಿತ್ತು. ಆ ಆಯಿಲ್ ಪೂರ್ತಿ ಉರಿಯದೆ ಮಸಿಯಾಗಿ ಹೊಗೆಯ ದಾರಿಯಲ್ಲಿ ಕೂರುತ್ತಿತ್ತು, ಮತ್ತು ಮುಂದಿನದೆಲ್ಲಕ್ಕೂ ಈ ಮಸಿಯೇ ಮೂಲವಾಯಿತು.

ಸೈಲೆನ್ಸರಿನ ಒಳಗೆ ಸದ್ದನ್ನು ತಗ್ಗಿಸಲು ತೂತುಗಳಿರುವ ಕೊಳವೆಯೊಂದನ್ನು ಇಟ್ಟಿರುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಅದು ಬ್ಯಾಫಲ್. ಜಾವಾ ಮತ್ತು ಯೆಜ್ಡಿಗಳ ಬ್ಯಾಫಲನ್ನು ಬಿಚ್ಚಿ ತೆಗೆಯಬಹುದಾಗಿತ್ತು, ಏಕೆಂದರೆ ಆಗಾಗ್ಗೆ ಅದನ್ನು ಹೊರತೆಗೆದು, ಬೆಂಕಿಯಲ್ಲಿ ಕಾಯಿಸಿ, ಬಡಿದು, ಮಸಿ ಉದುರಿಸದಿದ್ದರೆ ಹೊಗೆ ಕಟ್ಟಿಕೊಂಡು ಗಾಡಿ ಎಳೆಯುವುದನ್ನೇ ಬಿಡುತ್ತಿತ್ತು. ತಯಾರಕರೇ ವಿಧಿಸಿದ್ದ ಈ ಸ್ವಚ್ಛತೆಯ ಕೆಲಸದಿಂದ ಮಿಸ್ತ್ರಿಗಳಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುವಂತಿತ್ತು: ಬ್ಯಾಫಲ್ ತೆಗೆದು ಓಡಿಸಿದಾಗ ಸದ್ದು ಬದಲಾಗುವುದಷ್ಟೇ ಅಲ್ಲ, ಎಂಜಿನ್ನಿನ ಉಸಿರೇ ಬದಲಾಗುತ್ತದೆ. ಹೊಗೆ ಸುಲಭವಾಗಿ ಹೊರಹೋದರೆ ಗಾಳಿಯೂ ಸುಲಭವಾಗಿ ಒಳಬರುತ್ತದೆ. ಒಳಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಮಿಶ್ರಣ ತೆಳುವಾಗುತ್ತದೆ, ಇದನ್ನೇ ಲೀನ್ ಎನ್ನುವುದು. ತೆಳು ಮಿಶ್ರಣದಲ್ಲಿ ಎಂಜಿನ್ ಹೆಚ್ಚು ಕಾಯುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನೊಂದಿಗೇ ಆಯಿಲ್ ಬರುವುದರಿಂದ ಪೆಟ್ರೋಲ್ ಕಡಿಮೆಯಾದರೆ ಜಿಡ್ಡೂ ಕಡಿಮೆಯಾಗಿ, ಪಿಸ್ಟನ್ ಸಿಲಿಂಡರಿಗೆ ಅಂಟಿ ನಿಲ್ಲುವ ಅಪಾಯ, ಅಂದರೆ ಸೀಜ್ ಆಗುವ ಅಪಾಯ, ಇಮ್ಮಡಿಯಾಗುತ್ತದೆ. ಇದಕ್ಕೆ ಹೆದರಿ ಪೆಟ್ರೋಲಿಗೆ ಇನ್ನಷ್ಟು ಆಯಿಲ್ ಸುರಿಯುವುದು ಸವಾರನಿಗೆ ಸಹಜವಾಗಿ ಹೊಳೆಯುವ ಉಪಾಯವಾದರೂ ಅದರ ಪರಿಣಾಮ ತಿರುಗುಮುರುಗು. ಪೆಟ್ರೋಲ್ ಹಾಯುವ ಜೆಟ್ ಎಂಬ ಸಣ್ಣ ತೂತಿನಿಂದ ಹರಿಯುವ ದ್ರವದಲ್ಲಿ ಆಯಿಲಿನ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕುಗ್ಗಿ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಈ ಒಳಗುಟ್ಟನ್ನು ಬಲ್ಲವನಿಗೂ ಬರಿ ನಟ್ಟು ಬೋಲ್ಟು ಬಿಗಿಯುವವನಿಗೂ ಇದ್ದ ಅಂತರ ದೊಡ್ಡದು.

ಮಿಶ್ರಣವನ್ನು ಸರಿಪಡಿಸುವ ಕೆಲಸ ನಡೆಯುತ್ತಿದ್ದುದು ಕಾರ್ಬೊರೇಟರಿನಲ್ಲಿ. ಒಳಬರುವ ಗಾಳಿಯ ವೇಗದಿಂದಲೇ ಪೆಟ್ರೋಲನ್ನು ಮೇಲಕ್ಕೆ ಸೆಳೆದು ಹನಿಹನಿಯಾಗಿ ಒಡೆದು ಬೆರೆಸುವ ಈ ಸಾಧನದ ಒಳಗೆ ಎಕ್ಸಿಲರೇಟರ್ ತಿರುವಿದ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಭಾಗಗಳು ಅಧಿಕಾರ ವಹಿಸಿಕೊಳ್ಳುತ್ತವೆ. ಗಾಡಿ ನಿಂತಲ್ಲೇ ಉರಿಯುವಾಗ, ಎಂಟನೆಯ ಒಂದು ಪಾಲಿನಷ್ಟು ತಿರುವುವವರೆಗೆ, ಪೈಲಟ್ ಜೆಟ್ ಎಂಬ ಸಣ್ಣ ತೂತು ಮತ್ತು ಗಾಳಿಯ ಸ್ಕ್ರೂ ಮಿಶ್ರಣವನ್ನು ನಿರ್ಧರಿಸುತ್ತವೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ, ಎಕ್ಸಿಲರೇಟರ್ ತಿರುವಿದಂತೆ ಮೇಲೇರುವ ಸ್ಲೈಡಿಗೆ ಸಿಕ್ಕಿಸಿದ ಸೂಜಿಯದೇ ಆಡಳಿತ. ಅಲ್ಲಿಂದ ಪೂರ್ತಿ ತಿರುವುವವರೆಗೆ ಮೇನ್ ಜೆಟ್. ಸೂಜಿಯ ತಲೆಯ ಬಳಿ ಒಂದರ ಕೆಳಗೊಂದು ಸಣ್ಣ ಗೆರೆಗಳಿದ್ದು, ಅವುಗಳಲ್ಲಿ ಒಂದಕ್ಕೆ ಉಗುರಿನಷ್ಟು ಚಿಕ್ಕ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿದರೆ ಸೂಜಿ ಅಷ್ಟು ಮೇಲೇರಿ ಪೆಟ್ರೋಲಿನ ದಾರಿ ಅಗಲವಾಗುತ್ತದೆ, ಮೇಲೇರಿಸಿದರೆ ದಾರಿ ಕಿರಿದಾಗುತ್ತದೆ. ಸೈಲೆನ್ಸರ್ ಬದಲಾದ ಗಾಡಿಗೆ ಮೊದಲು ಮೇನ್ ಜೆಟ್ಟನ್ನು ಒಂದೆರಡು ನಂಬರ್ ದೊಡ್ಡದು ಹಾಕಿ, ಆಮೇಲೆ ಸೂಜಿಯನ್ನು, ಕೊನೆಗೆ ಪೈಲಟ್ ಮತ್ತು ಗಾಳಿ ಸ್ಕ್ರೂವನ್ನು ಹೊಂದಿಸುವುದು ಸರಿಯಾದ ಕ್ರಮ. ಪರೀಕ್ಷೆಗೆ ಯಾವ ಮೀಟರೂ ಇರಲಿಲ್ಲ. ಖಾಲಿ ರಸ್ತೆಯಲ್ಲಿ ಪೂರ್ತಿ ತಿರುವಿ ಓಡಿಸಿ, ಆ ವೇಗದಲ್ಲೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಗಾಡಿ ನಿಂತೊಡನೆ ಪ್ಲಗ್ ಬಿಚ್ಚಿ ಅದರ ತುದಿಯ ಪಿಂಗಾಣಿಯ ಬಣ್ಣ ನೋಡಲಾಗುತ್ತಿತ್ತು: ಒದ್ದೆ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬಿಳಚಿಕೊಂಡಿದ್ದರೆ ಕಡಿಮೆ, ಕಾಫಿ ಬಣ್ಣವಿದ್ದರೆ ಹದ. ಎಂಜಿನ್ ಆರಿಸದೆ ನಿಧಾನವಾಗಿ ಬಂದು ನಿಂತು ಪ್ಲಗ್ ಬಿಚ್ಚಿದರೆ ಕಾಣುವುದು ನಿಧಾನದ ಓಟದ ಬಣ್ಣವೇ ಹೊರತು ಪೂರ್ತಿ ವೇಗದ ಬಣ್ಣವಲ್ಲ. ಆದ್ದರಿಂದ ಆ ಕ್ಷಣದಲ್ಲಿ ಎಂಜಿನ್ ಆರಿಸುವುದೇ ಇಡೀ ಪರೀಕ್ಷೆಯ ಜೀವಾಳ.

ಸೈಲೆನ್ಸರ್ ಕೇವಲ ಹೊಗೆಯ ದಾರಿಯಲ್ಲ, ಅದೂ ಎಂಜಿನ್ನಿನ ಕೆಲಸ ಮಾಡುವ ಅಂಗವೇ ಎಂಬುದು ಶಾಸ್ತ್ರೀಯವಾಗಿ ಸಿದ್ಧವಾದದ್ದು ಪೂರ್ವ ಜರ್ಮನಿಯಲ್ಲಿ. ಅಲ್ಲಿನ ಎಂಜಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ, ಮೊದಲು ಅಗಲವಾಗುತ್ತ ಹೋಗಿ ಮತ್ತೆ ಕಿರಿದಾಗುವ ಕೊಳವೆಯ ಆಕಾರವನ್ನು ಪಳಗಿಸಿದರು. ಹೊಗೆಯ ಒತ್ತಡದ ಅಲೆ ಅಗಲದ ಭಾಗದಲ್ಲಿ ಹಿಗ್ಗುವಾಗ ಸಿಲಿಂಡರಿನಿಂದ ಹೊಗೆಯನ್ನು ಎಳೆದುಕೊಳ್ಳುತ್ತದೆ, ಕಿರಿದಾದ ಭಾಗಕ್ಕೆ ಬಡಿದು ಹಿಂದಿರುಗುವಾಗ, ಹೊರಗೆ ಜಾರಿದ್ದ ಹೊಸ ಇಂಧನವನ್ನು ಮರಳಿ ಸಿಲಿಂಡರಿಗೆ ತಳ್ಳುತ್ತದೆ. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಸ್ವೀಡನ್ನಿನ ರೇಸಿನ ವೇಳೆ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ತೊರೆದು ಈ ಜ್ಞಾನದೊಂದಿಗೆ ಜಪಾನಿನ ಸುಜುಕಿ ಕಂಪನಿಯನ್ನು ಸೇರಿ, 1962ರಲ್ಲಿ ಆ ಕಂಪನಿಗೆ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟರು. ಅಲೆಯ ಈ ಆಟ ಕೊಳವೆಯ ಉದ್ದಕ್ಕೆ ಹೊಂದುವ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸಹಾಯಕ್ಕೆ ಬರುತ್ತದೆ. ಹೀಗಾಗಿ ಕಂಡ ಕಂಡ ಸೈಲೆನ್ಸರ್ ಸಿಕ್ಕಿಸಿದರೆ ಶಕ್ತಿ ಹೆಚ್ಚುವುದಕ್ಕಿಂತ ಕೆಳಗಿನ ಗೇರಿನ ಎಳೆತ ಕಳೆದುಹೋಗುವುದೇ ಹೆಚ್ಚು.

ಜಪಾನಿನ ಆ ವಿದ್ಯೆ ಕರ್ನಾಟಕದ ಪೇಟೆಗಳಿಗೆ ಬಂದದ್ದು 1980ರ ದಶಕದಲ್ಲಿ. 1984ರಲ್ಲಿ ಹೊಸೂರಿನಿಂದ ಇಂಡ್ ಸುಜುಕಿ, 1985ರಲ್ಲಿ ಎಸ್ಕಾರ್ಟ್ಸ್ ಕಂಪನಿಯಿಂದ ಯಮಹಾ ಆರ್‌ಎಕ್ಸ್ 100 ಹೊರಬಂದವು. 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿದ್ದ ಆರ್‌ಎಕ್ಸ್ 1996ರವರೆಗೆ ಮಾತ್ರ ತಯಾರಾದರೂ ಅದರ ಮೇಲಿನ ಮೋಹ ಇಂದಿಗೂ ಇಳಿದಿಲ್ಲ. ಅದರ ಮಿಕುನಿ ಕಾರ್ಬೊರೇಟರಿಗೆ ಜೆಟ್ಟುಗಳು ನಂಬರಿನ ಪ್ರಕಾರ ದೊರೆಯುತ್ತಿದ್ದುದರಿಂದ, ಟ್ಯೂನಿಂಗ್ ಕೈಯ ಅಂದಾಜಿನಿಂದ ಅಂಕಿಯ ಲೆಕ್ಕಕ್ಕೆ ಬಂತು. ಹಳೆಯ ಜೆಟ್ಟಿನ ತೂತನ್ನು ತಂತಿಯಿಂದ ತಿಕ್ಕಿ ಅಗಲ ಮಾಡುವ ದಾರಿಗಿಂತ ಇದು ಎಷ್ಟೋ ಉತ್ತಮವಾಗಿತ್ತು, ಏಕೆಂದರೆ ತಿಕ್ಕಿದ ಜೆಟ್ಟನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ. ಮೈಸೂರಿನ ರೇಸ್ ಪರಂಪರೆಯಿಂದ ಬಂದ ಸೋಮೇಂದರ್ ಸಿಂಗ್ ಸಿಲಿಂಡರ್ ಹೆಡ್ಡಿನಲ್ಲಿ ತೋಡು ಕೊರೆಯುವ ವಿಧಾನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಗ್ಯಾರೇಜಿನ ಅರಿವು ದಾಖಲೆಯಾಗಿ ನಿಂತ ವಿರಳ ಉದಾಹರಣೆ ಅದು.

ಹಾವೇರಿ ಸೀಮೆಗೆ ಬಂದರೆ ಈ ಲೆಕ್ಕಕ್ಕೆ ಸ್ಥಳದ ಗುಣವೂ ಸೇರಿಕೊಳ್ಳುತ್ತದೆ. ಪುಣೆ ಮತ್ತು ಬೆಂಗಳೂರನ್ನು ಜೋಡಿಸುವ ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮೂಲಕ ಸಾಗುವುದರಿಂದ ಹುಬ್ಬಳ್ಳಿ ಮತ್ತು ದಾವಣಗೆರೆಯ ಬಿಡಿಭಾಗದ ಪೇಟೆಗಳು ಇಲ್ಲಿಗೆ ದೂರವಲ್ಲ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆ ಗಾಡಿಗಳಿಗೆ ಕೆಎ 27 ಎಂಬ ಸ್ವಂತ ನಂಬರೂ ಬಂತು. ಆದರೆ ಗಾಡಿಯ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಎರೆ ಮಣ್ಣಿನ ಧೂಳು. ಸುಗ್ಗಿಯ ಕಾಲಕ್ಕೆ ಹೊಲದ ದಾರಿಯಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿ, ಗಾಳಿ ಕಡಿಮೆಯಾಗಿ ಮಿಶ್ರಣ ದಪ್ಪವಾಗುತ್ತದೆ. ಫಿಲ್ಟರನ್ನೇ ಕಿತ್ತು ಓಡಿಸಿದರೆ ಮಿಶ್ರಣ ತೆಳುವಾಗುವುದರ ಜೊತೆಗೆ ಧೂಳು ನೇರವಾಗಿ ಒಳಹೊಕ್ಕು ಸಿಲಿಂಡರನ್ನು ಉಜ್ಜಿ ಹಾಕುತ್ತದೆ. ಸೈಲೆನ್ಸರ್ ತೆರೆದು ಫಿಲ್ಟರ್ ಕಿತ್ತ ಗಾಡಿಯಲ್ಲಿ ಈ ಎರಡು ದೋಷಗಳು ಒಂದಾಗಿ, ಬೇಸಿಗೆಯ ಮಧ್ಯಾಹ್ನದ ಓಟಕ್ಕೆ ಪಿಸ್ಟನ್ ಉಳಿಯುವುದೇ ಕಷ್ಟ. ಇನ್ನು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದ ಹಾವೇರಿಯಲ್ಲಿ ಹದ ಮಾಡಿದ ಗಾಡಿ ಶಿರಸಿ ದಾಟಿ ಘಟ್ಟ ಇಳಿದು ಕುಮಟೆಯನ್ನು ಮುಟ್ಟಿದಾಗ ಅಲ್ಲಿನ ದಟ್ಟ ಗಾಳಿಯಲ್ಲಿ ಮಿಶ್ರಣ ಇನ್ನೊಂದಿಷ್ಟು ತೆಳುವಾಗುತ್ತದೆ. ಹೀಗೆ ದೂರ ಹೋಗುವ ಗಾಡಿಗೆ ಒಂದಂಶ ದಪ್ಪ ಮಿಶ್ರಣವನ್ನೇ ಇಡುವುದು ಜಾಣತನ. ಮೈಲೇಜ್ ತುಸು ಇಳಿದರೂ ಎಂಜಿನ್ ಉಳಿಯುತ್ತದೆ. ಗೊಬ್ಬರದ ಚೀಲ ಹೊತ್ತು ಹೊಲಕ್ಕೆ ಹೋಗುವ ಗಾಡಿಗೆ ಮೇಲಿನ ವೇಗಕ್ಕಿಂತ ಕೆಳಗಿನ ಎಳೆತ ಮುಖ್ಯವಾದುದರಿಂದ, ಅಂಥ ಗಾಡಿಗೆ ತೆರೆದ ಸೈಲೆನ್ಸರ್ ಹಾಕುವುದು ಯಂತ್ರಶಾಸ್ತ್ರದ ದೃಷ್ಟಿಯಿಂದಲೂ ತಪ್ಪು ಆಯ್ಕೆಯೇ.

ಕಾನೂನು ಈ ಕಸುಬಿನ ಒಂದು ಭಾಗವನ್ನು ನ್ಯಾಯವಾಗಿಯೇ ತಡೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಮಲಗಿದ ಮಗುವನ್ನೂ ಕಾಯಿಲೆಯ ಮುದುಕರನ್ನೂ ಬೆಚ್ಚಿಬೀಳಿಸುವ ಸದ್ದಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಸದ್ದಿಗೋಸ್ಕರ ಬ್ಯಾಫಲ್ ಕಿತ್ತವನನ್ನೂ, ತುಕ್ಕು ಹಿಡಿದ ಸೈಲೆನ್ಸರಿಗೆ ಬದಲಾಗಿ ಸಿಕ್ಕ ಬೇರೊಂದನ್ನು ಹಾಕಿ ಮಿಶ್ರಣವನ್ನು ಶುದ್ಧವಾಗಿ ಹೊಂದಿಸಿಕೊಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಆ ವಿದ್ಯೆಗೆ ಮಾಡುವ ಅನ್ಯಾಯ.

ಕಸುಬನ್ನು ನಿಜವಾಗಿ ಪಲ್ಲಟಗೊಳಿಸಿದ್ದು 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್ 6 ಮಾನದಂಡ. ಅದರೊಂದಿಗೆ ಹೊಸ ಬೈಕುಗಳಿಂದ ಕಾರ್ಬೊರೇಟರ್ ಬಹುತೇಕ ಮರೆಯಾಗಿ, ಇಂಧನವನ್ನು ಕಂಪ್ಯೂಟರಿನ ಆದೇಶದಂತೆ ಚಿಮ್ಮಿಸುವ ಇಂಜೆಕ್ಷನ್ ಬಂತು. ಹೊಗೆ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲುಳಿದ ಆಮ್ಲಜನಕವನ್ನು ಅಳೆದು, ಸಾಧಾರಣ ಓಟದಲ್ಲಿ ಪೆಟ್ರೋಲನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ಮಾತ್ರ ಆ ತಿದ್ದುಪಡಿ ನಿಂತು, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದಂತೆ ಇಂಧನ ಬೀಳುತ್ತದೆ. ಆದ್ದರಿಂದ ಸೈಲೆನ್ಸರ್ ಬದಲಾದ ಹೊಸ ಗಾಡಿಯಲ್ಲಿ ದೋಷ ತಲೆದೋರುವುದು ಹಳೆಯ ಮೇನ್ ಜೆಟ್ಟಿನ ಪ್ರಾಂತದಲ್ಲೇ, ಅದನ್ನು ಸರಿಪಡಿಸಲು ಬೇಕಾಗುವುದು ಸ್ಕ್ರೂಡ್ರೈವರ್ ಅಲ್ಲ, ಆ ಕೋಷ್ಟಕವನ್ನು ತಿದ್ದುವ ಸಾಫ್ಟ್‌ವೇರ್. ಕೊಳವೆಯ ಜೋಡಣೆಯಲ್ಲಿ ಗಾಳಿ ನುಸುಳಿದರೂ ಸೆನ್ಸರ್ ಅದನ್ನು ತೆಳು ಮಿಶ್ರಣವೆಂದು ತಪ್ಪಾಗಿ ಓದಿ ಪೆಟ್ರೋಲ್ ಹೆಚ್ಚಿಸುತ್ತದೆ. ಹೀಗಾಗಿ ಹೊಸ ಗ್ಯಾಸ್ಕೆಟ್ ಹಾಕಿ ಬಿಗಿಯಾಗಿ ಕೂರಿಸುವ ಹಳೆಯ ಶಿಸ್ತಿಗೆ ಇಲ್ಲಿಯೂ ಬೆಲೆಯಿದೆ.

ಹಳೆಯ ಗಾಡಿಗಳಿಗೆ ಈಗ ಸೈಲೆನ್ಸರ್ ಮುಟ್ಟದಿದ್ದರೂ ಟ್ಯೂನಿಂಗ್ ಬೇಕಾಗಿದೆ, ಇದಕ್ಕೆ ಕಾರಣ ಪೆಟ್ರೋಲಿನಲ್ಲೇ ಇದೆ. ದೇಶದಾದ್ಯಂತ 2022ರಲ್ಲಿ ಶೇಕಡ 10ನ್ನು ಮುಟ್ಟಿದ್ದ ಎಥನಾಲ್ ಮಿಶ್ರಣ 2025ರ ಹೊತ್ತಿಗೆ ಶೇಕಡ 20ಕ್ಕೆ ಏರಿತು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಭಾಗ ಗಾಳಿ ಬೇಕಾದರೆ, ತನ್ನೊಳಗೇ ಆಮ್ಲಜನಕವಿರುವ ಎಥನಾಲಿಗೆ ಸುಮಾರು 9 ಭಾಗ ಸಾಕು. ಎರಡೂ ಬೆರೆತ ಹೊಸ ಇಂಧನಕ್ಕೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ. ಸೆನ್ಸರ್ ಇರುವ ಗಾಡಿ ಇದನ್ನು ತಾನೇ ತಿದ್ದಿಕೊಳ್ಳುತ್ತದೆ, ಜೆಟ್ಟಿನ ಗಾಡಿಗೆ ಆ ಶಕ್ತಿಯಿಲ್ಲ. ಹೀಗಾಗಿ ಬ್ಯಾಫಲ್ ಕಿತ್ತಾಗ ಒದಗುತ್ತಿದ್ದ ತೆಳು ಮಿಶ್ರಣ ಯೆಜ್ಡಿ, ಆರ್‌ಎಕ್ಸ್‌ಗಳಿಗೆ ಬಂಕಿನಿಂದಲೇ ಬರುತ್ತಿದೆ. ಎಥನಾಲಿಗೆ ಕಬ್ಬಿನ ಜೊತೆ ಮೆಕ್ಕೆಜೋಳವೂ ಕಚ್ಚಾವಸ್ತುವಾಗಿದ್ದು, ಹಾವೇರಿ ಮೆಕ್ಕೆಜೋಳ ಬೆಳೆಯುವ ಪ್ರಮುಖ ಜಿಲ್ಲೆ. ವರದಾ ದಂಡೆಯ ರೈತನ ಫಸಲು ಅವನದೇ ಹಳೆಯ ಗಾಡಿಯ ಟ್ಯಾಂಕಿಗೆ ಮರಳುವಾಗ, ಮೇನ್ ಜೆಟ್ಟನ್ನು ಒಂದು ನಂಬರ್ ಏರಿಸಿ, ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಇಳಿಸಿ, ಎಥನಾಲಿಗೆ ಉಬ್ಬುವ ಹಳೆಯ ರಬ್ಬರ್ ವಾಷರುಗಳನ್ನು ಬದಲಿಸಿಕೊಡಬಲ್ಲ ಮಿಸ್ತ್ರಿಯ ಅಗತ್ಯ ಪೇಟೆಯಲ್ಲಿ ಮತ್ತೆ ಹುಟ್ಟಿದೆ.