ಸಪಾದ ಭಕ್ಷ್ಯ

ಕನ್ನಡನಾಡಿನ ಮನೆಗಳಲ್ಲಿ ವಿವಾಹದ ಮರುದಿನವಾಗಲಿ, ಹೊಸ ಮನೆಯ ಪ್ರವೇಶದಂದಾಗಲಿ, ಹುಣ್ಣಿಮೆಯ ಸಂಜೆಯಲ್ಲಾಗಲಿ ಸತ್ಯನಾರಾಯಣ ವ್ರತವು ನಡೆದು, ಕಥಾಶ್ರವಣವು ಮುಗಿದು, ಮಂಗಳಾರತಿಯ ತಟ್ಟೆಯು ಎಲ್ಲರ ಮುಂದೆಯೂ ಹಾಯ್ದು ಬಂದ ಬಳಿಕ, ನೆರೆದವರ ಅಂಗೈಗೆ ಬೀಳುವ ತುಪ್ಪ ಸೂಸುವ ರವೆಯ ಭಕ್ಷ್ಯವನ್ನು ಅರಿಯದವರು ವಿರಳ. ಮೈಸೂರು ಸೀಮೆಯವರು ಅದನ್ನು ಸಪಾದವೆಂದೂ ಸಜ್ಜಿಗೆಯೆಂದೂ ಕರೆಯುವರು. ಧಾರವಾಡ, ಬೆಳಗಾವಿಗಳ ಕಡೆ ಅದು ಶಿರಾ. ಹೆಸರು ಯಾವುದಾದರೂ ಆಗಲಿ, ಇಷ್ಟು ಸಮೃದ್ಧವಾಗಿಯೂ ಇಷ್ಟು ಸುಲಭವಾಗಿಯೂ ಇರುವ, ಹಂಚುವುದಕ್ಕೆಂದೇ ರೂಪುಗೊಂಡ ಸಿಹಿಯು ನಮ್ಮಲ್ಲಿ ಮತ್ತೊಂದಿಲ್ಲವೆಂದು ನನ್ನ ಭಾವನೆ.

ನಮ್ಮ ಪಾಕಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಮನೆಯ ಅಡುಗೆಮನೆಯಿಂದಲೇ ಆರಂಭಿಸುತ್ತಾರೆ. ಅದಕ್ಕೆ ಕಾರಣವೂ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿಯೂ, 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯೂ ಬಗೆಬಗೆಯ ಭಕ್ಷ್ಯಗಳ ವಿವರಣೆಯು ನಮಗೆ ದೊರೆಯುತ್ತದೆ. ಆದರೆ ಮಂಡಿಗೆಯಂತಹ ಭಕ್ಷ್ಯಕ್ಕೆ ಬಹುಕಾಲ ಪಳಗಿದ ಕೈ ಬೇಕು. ಕಣಕವನ್ನು ಬಟ್ಟೆಯಷ್ಟು ತೆಳ್ಳಗೆ ಹಿಗ್ಗಿಸಿ, ಕವುಚಿದ ಮಡಕೆಯ ಮೇಲೆ ಹರಡಿ ಬೇಯಿಸುವ ಆ ಕೌಶಲವು ಎಲ್ಲರಿಗೂ ದಕ್ಕುವಂಥದಲ್ಲ. ಸಾಮಾನ್ಯ ಗೃಹಿಣಿಯು ಒಂದೇ ಪಾತ್ರೆಯಲ್ಲಿ, ಅರ್ಧ ಗಳಿಗೆಯಲ್ಲಿ ಸಿದ್ಧಪಡಿಸಿ ನೂರು ಜನರಿಗೆ ಕೊಡಬಲ್ಲ ಸಿಹಿಯ ಚರಿತ್ರೆಯನ್ನು ಬೇರೆಡೆಯಲ್ಲಿ ಅರಸಬೇಕು.

ಅದರ ಮೂಲವು ಬಹು ಪ್ರಾಚೀನವಾದುದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಭಕ್ಷ್ಯಾಭಕ್ಷ್ಯಗಳನ್ನು ವಿಧಿಸುವಾಗ, ಕೃಸರ, ಸಂಯಾವ, ಪಾಯಸ, ಅಪೂಪ ಎಂಬ ನಾಲ್ಕನ್ನು ದೇವತೆಗಳಿಗೆ ನಿವೇದಿಸದೆ ಕೇವಲ ತನಗಾಗಿ ಬೇಯಿಸಿಕೊಂಡು ತಿನ್ನಲಾಗದೆಂದು ಹೇಳಿದೆ. ಇವುಗಳಲ್ಲಿ ಸಂಯಾವವೆಂದರೆ ತುಪ್ಪ, ಹಾಲು, ಬೆಲ್ಲ, ಗೋಧಿಯ ಹಿಟ್ಟು ಇವುಗಳಿಂದ ಸಿದ್ಧವಾದುದೆಂದು ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ವಿವರಿಸುತ್ತಾನೆ. ಬಾಳೆಯ ಹಣ್ಣೊಂದನ್ನು ಸೇರಿಸಿದರೆ ನಮ್ಮ ಸಪಾದದ ಸಾಮಗ್ರಿಯೆಲ್ಲವೂ ಅಲ್ಲಿಯೇ ಇದೆ. ಸಾಮಗ್ರಿಗಿಂತಲೂ ಮುಖ್ಯವಾದುದು ಆ ನಿಯಮ: ಇಂತಹ ಸಿಹಿಯನ್ನು ಏಕಾಕಿಯಾಗಿ ಸವಿಯಲೆಂದು ಮಾಡತಕ್ಕುದಲ್ಲ.

ಈ ನಿಯಮವು ಜನಸಾಮಾನ್ಯರ ಆಚಾರವಾಗಿ ನೆಲೆಗೊಂಡದ್ದು ಸತ್ಯನಾರಾಯಣ ಕಥೆಯ ಮೂಲಕ. ಬಾಳೆಹಣ್ಣು, ತುಪ್ಪ, ಹಾಲು, ಗೋಧಿಯ ಹಿಟ್ಟು, ಸಕ್ಕರೆ, ಇವೆಲ್ಲವನ್ನೂ ಸಪಾದ, ಎಂದರೆ ಒಂದೂಕಾಲು, ಪ್ರಮಾಣದಲ್ಲಿ ಕೂಡಿಸಿ ನಿವೇದಿಸಬೇಕೆಂದು ಕಥೆಯು ವಿಧಿಸುತ್ತದೆ. ಗೋಧಿಯು ದೊರೆಯದಿದ್ದರೆ ಅಕ್ಕಿಯ ಹಿಟ್ಟು, ಸಕ್ಕರೆಯಿಲ್ಲದಿದ್ದರೆ ಬೆಲ್ಲವಾದೀತೆಂದು ಕೂಡಲೇ ವಿನಾಯಿತಿಯನ್ನೂ ಕೊಡುತ್ತದೆ. ಬಡವನ ಮನೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು ರೂಪಿಸಿದ ವಿಧಿಯಿದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಕಥೆಯೊಳಗೆ ಈ ವ್ರತವನ್ನು ಮಾಡುವವರಲ್ಲಿ ಭಿಕ್ಷೆಯಿಂದ ಬದುಕುವ ಬ್ರಾಹ್ಮಣನೂ ಇದ್ದಾನೆ. ಅವನ ಮನೆಗೆ ಬಾಯಾರಿ ಬಂದು ಪ್ರಸಾದವನ್ನು ಪಡೆದು, ಮರುದಿನ ಸೌದೆ ಮಾರಿದ ಹಣದಿಂದಲೇ ಸಾಮಗ್ರಿಯನ್ನು ಕೊಂಡೊಯ್ಯುವ ಕಟ್ಟಿಗೆಯವನೂ ಇದ್ದಾನೆ.

ಇನ್ನೂ ಗಮನಾರ್ಹವಾದ ಅಂಶವೆಂದರೆ, ಕಥೆಯ ಎರಡು ದೊಡ್ಡ ವಿಪತ್ತುಗಳು ಪ್ರಸಾದವನ್ನು ತ್ಯಜಿಸಿದುದರಿಂದಲೇ ಒದಗುತ್ತವೆ. ಪತಿಯು ಬಂದನೆಂಬ ಸಂಭ್ರಮದಲ್ಲಿ ಪ್ರಸಾದವನ್ನು ಬಿಟ್ಟು ಓಡಿದ ಕಲಾವತಿಗೆ, ದಡಕ್ಕೆ ಬಂದ ನಾವೆಯೇ ಪತಿಸಮೇತ ಕಾಣದಾಗುತ್ತದೆ. ಬೇಟೆಯಿಂದ ಹಿಂದಿರುಗುವಾಗ ಆಲದ ಮರದಡಿಯಲ್ಲಿ ಗೊಲ್ಲರು ಪೂಜಿಸುತ್ತಿದ್ದುದನ್ನು ಕಂಡೂ ದರ್ಪದಿಂದ ಕೈಮುಗಿಯದೆ, ಅವರು ತಂದಿಟ್ಟ ಪ್ರಸಾದವನ್ನು ಮುಟ್ಟದೆ ಹೋದ ತುಂಗಧ್ವಜ ರಾಜನು ಪುತ್ರರನ್ನೂ ಐಶ್ವರ್ಯವನ್ನೂ ಕಳೆದುಕೊಂಡು, ಕಡೆಗೆ ಆ ಗೊಲ್ಲರ ಬಳಿಗೇ ಮರಳಿ ಅವರೊಡನೆಯೇ ಪೂಜೆಗೈಯಬೇಕಾಗುತ್ತದೆ. ಜಾತಿ, ಅಧಿಕಾರಗಳ ಭೇದವು ಊಟದ ಪಂಕ್ತಿಯಲ್ಲಿ ಕಟುವಾಗಿದ್ದ ಸಮಾಜದಲ್ಲಿ, ದನ ಕಾಯುವವನು ಕೊಟ್ಟ ಸಿಹಿಯನ್ನು ಅರಸನೂ ನಿರಾಕರಿಸಲಾಗದೆಂದು ಸಾರಿದ ಕಥೆಯನ್ನು ಮನೆಮನೆಯಲ್ಲಿ ಓದಿಸುತ್ತ ಬಂದುದು ಸಾಮಾನ್ಯ ಸಂಗತಿಯಲ್ಲ.

ಪೂರ್ವದೇಶವಾದ ಬಂಗಾಳದಲ್ಲಿ ಈ ಔದಾರ್ಯವು ಮತಗಳ ಗಡಿಯನ್ನೂ ದಾಟಿತು. ಅಲ್ಲಿ ಸತ್ಯನಾರಾಯಣನೆಂದೂ ಸತ್ಯಪೀರನೆಂದೂ ಆರಾಧಿಸಿದ ದೇವನಿಗೆ ಹಿಟ್ಟು, ಹಾಲು, ಬಾಳೆಹಣ್ಣು, ಬೆಲ್ಲಗಳನ್ನು ಬೇಯಿಸದೆಯೇ ಕಲಸಿದ ಶಿರ್ನಿಯನ್ನು ಹಿಂದೂಗಳೂ ಮುಸಲ್ಮಾನರೂ ಅರ್ಪಿಸಿ ಹಂಚಿಕೊಂಡರು. 18ನೆಯ ಶತಮಾನದ ಕವಿ ಭಾರತಚಂದ್ರ ರಾಯನು ಈ ದೇವನನ್ನು ಕುರಿತು ಪಾಂಚಾಲಿಯೆಂಬ ಕಥನಕಾವ್ಯವನ್ನು ರಚಿಸಿದನು.

ನಮ್ಮ ನಾಡಿನಲ್ಲಿ ಸಪಾದವು ಒಲೆಯನ್ನೇರಿತು. ಹಿಟ್ಟಿನ ಬದಲು ರವೆಯು ಬಂದಿತು. ಎಲ್ಲವೂ ಒಂದೇ ಅಳತೆಯಾದುದರಿಂದ ಇಲ್ಲಿ ಲೆಕ್ಕದ ತೊಡಕಿಲ್ಲ: ನಾಲ್ಕು ಪಾವಿಗೆ ಒಂದು ಸೇರಾದಕಾರಣ ಒಂದೂಕಾಲು ಸೇರೆಂದರೆ ಐದು ಪಾವು, ಐದು ಪಾವು ರವೆ, ಐದು ಪಾವು ಸಕ್ಕರೆ, ತುಪ್ಪವೂ ಅಷ್ಟೇ, ಹಾಲನ್ನು ಮಾತ್ರ ರವೆಯು ಬೇಯಲು ಬೇಕಾದಷ್ಟು ಹೆಚ್ಚಿಸಿಕೊಳ್ಳುವುದು ವಾಡಿಕೆ. ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಹೆಚ್ಚಿದ ಬಾಳೆಹಣ್ಣನ್ನು ಅದರಲ್ಲಿಯೇ ಬಾಡಿಸಿ, ಕಾಯ್ದ ಹಾಲನ್ನೆರೆದು, ರವೆಯು ಅರಳಿದ ಮೇಲೆಯೇ ಸಕ್ಕರೆಯನ್ನು ಹಾಕಬೇಕು. ಮೊದಲೇ ಹಾಕಿದರೆ ಸಕ್ಕರೆಯು ನೀರಿನಂಶವನ್ನು ಹಿಡಿದಿಟ್ಟುಕೊಂಡು ಕಾಳು ಒಳಗೆ ಗಟ್ಟಿಯಾಗಿ ಉಳಿಯುತ್ತದೆ. ಏಲಕ್ಕಿ, ದ್ರಾಕ್ಷಿ, ಗೋಡಂಬಿಗಳು ಅವರವರ ಶಕ್ತ್ಯನುಸಾರ. ಪಾತ್ರೆಯ ಅಂಚನ್ನು ಬಿಟ್ಟು ತುಪ್ಪವು ಮೇಲೆ ತೋರಿದಾಗ ಕೆಳಗಿಳಿಸಿದರಾಯಿತು.

ಹಿಂದೆ ಬೀಸುಕಲ್ಲಿನಲ್ಲಿ ಒಡೆದು ಜರಡಿಯಾಡಿಸಿ ತೆಗೆದ ಗೋಧಿಯ ರವೆಯು ಉತ್ತರದ ಎರೆಭೂಮಿಯವರಿಗೆ ಮನೆಯ ವಸ್ತುವಾಗಿದ್ದರೆ, ರಾಗಿ, ಭತ್ತಗಳ ದಕ್ಷಿಣ ಸೀಮೆಯಲ್ಲಿ ಅದು ಹಬ್ಬದ ವಸ್ತುವಾಗಿತ್ತು. ಗಿರಣಿಗಳು ಬಂದು ರವೆಯು ಅಂಗಡಿಯಲ್ಲಿ ಸುಲಭವಾಗಿ ಸಿಗತೊಡಗಿತು. ಕೃಷ್ಣರಾಜಸಾಗರದ ನೀರು ಮಂಡ್ಯದ ಹೊಲಗಳಿಗೆ ಹರಿದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಬಳಿಕ ಬಿಳಿಯ ಸಕ್ಕರೆಯು ಸಾಮಾನ್ಯರ ಮನೆಗೂ ಹತ್ತಿರವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಯು ಪಡಿತರದ ಪದಾರ್ಥವಾದಾಗ, ಬೆಲ್ಲವಾದೀತೆಂಬ ಹಳೆಯ ವಿನಾಯಿತಿಯು ಮತ್ತೆ ಸಾರ್ಥಕವಾಗಬಲ್ಲದಾಗಿತ್ತು. 1956ರ ತೂಕ ಅಳತೆಗಳ ಕಾಯಿದೆಯು ಪಾವು ಸೇರುಗಳನ್ನು ಕ್ರಮೇಣ ಹಿಂದಕ್ಕೆ ಸರಿಸಿತಾದರೂ ಒಂದೂಕಾಲೆಂಬ ಪ್ರಮಾಣವು ಅಳಿಯಲಿಲ್ಲ. ಅದು ಕಿಲೋಗ್ರಾಮನ್ನು ಆಶ್ರಯಿಸಿ ಮುಂದುವರಿಯಿತು.

ಇದೇ ಪಾಕವು ಕೇಸರಿಯ ಬಣ್ಣವನ್ನು ತಳೆದು ಕೇಸರಿಭಾತಾಗಿ ಹೋಟೆಲಿನ ತಟ್ಟೆಯನ್ನು ಸೇರಿ, ಖಾರಾಭಾತಿನ ಜೊತೆಗೂಡಿ ಚೌಚೌಭಾತೆಂದು ಪ್ರಸಿದ್ಧವಾಗಿದೆ. ಅದನ್ನು ಕಾಸು ಕೊಟ್ಟು ಒಬ್ಬರೇ ಕುಳಿತು ತಿನ್ನಬಹುದು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಮನೆಯಲ್ಲಿ ನಾಲ್ಕು ಜನ ಕೂಡುವ ದಿನದಂದು, ಅಂಗಡಿಯ ಪೊಟ್ಟಣಗಳನ್ನು ತರಿಸಿ ಕರೆಯೋಲೆ ಹೋದವರಿಗೆ ಮಾತ್ರ ಎಣಿಸಿಕೊಡುವ ಪದ್ಧತಿಯು ಬೆಳೆದರೆ, ಈ ಭಕ್ಷ್ಯದ ದೀರ್ಘ ಚರಿತ್ರೆಯು ನಮಗೆ ಕಲಿಸಿದ ಮುಖ್ಯ ಪಾಠವೇ ತಪ್ಪಿಹೋಗುತ್ತದೆ. ಒಂದೂಕಾಲರಲ್ಲಿರುವ ಆ ಕಾಲು ಭಾಗವು ಕರೆಯದೆ ಬಂದವರ ಪಾಲೆಂದು ನಾನು ತಿಳಿಯುತ್ತೇನೆ. ನಮ್ಮ ಪೂಜೆಯ ಮನೆಗಳಲ್ಲಿ ಚಪ್ಪರ ಕಟ್ಟಿದವನಿಗೂ, ಬಾಗಿಲಲ್ಲಿ ನಿಂತ ದಾರಿಹೋಕನಿಗೂ ಪುರೋಹಿತರಿಗೆ ಕೊಟ್ಟ ಪಾತ್ರೆಯಿಂದಲೇ ಸಪಾದವು ಸಲ್ಲುವಂತೆ ನೋಡಿಕೊಳ್ಳುವುದು ಗೃಹಸ್ಥನ ಕರ್ತವ್ಯ.